ಗಾಳಿಯ ಸರಾಸರಿ ಮತ್ತು ಕೌದಿಯ ಗಂಟು

ಗೆರೆ ಹಸಿರು ಬಣ್ಣದ್ದು. ಪರದೆಯ ಎಡಗಡೆ ಕೆಳಮೂಲೆಯಿಂದ ಹೊರಟು ಬಲಗಡೆ ಮೇಲಿನ ಮೂಲೆಯ ತನಕ ಏರಿತ್ತು, ಎಲ್ಲಿಯೂ ಬಾಗದೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಮೇಲಿನ ಅಂಚಿಗೆ ತಾಗಿದಲ್ಲಿ ಗೆರೆ ನಿಂತಿತ್ತು. ಅದರ ಜೊತೆ ಕಂಪ್ಯೂಟರೂ ನಿಂತಿತ್ತು. ಮೌಸ್ ಅಲ್ಲಾಡಿಸಿದರೆ ಬಾಣ ಅಲ್ಲಾಡಲಿಲ್ಲ.

ನಾನು ಬರೆದ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಗೆರೆ ಅದು. ಅದು ಏರಬೇಕು, ಇಳಿಯಬೇಕು, ಮತ್ತೆ ಸ್ವಲ್ಪ ಏರಬೇಕು. ಗರಗಸದ ಹಲ್ಲಿನ ಹಾಗಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಬರೀ ಏರಿದರೆ ಏನೋ ಒಳಗೆ ಸೇರುತ್ತಿದೆ, ಹೊರಗೆ ಹೋಗುತ್ತಿಲ್ಲ. ಆ ಏನೋ ಯಾವುದು ಎಂಬುದು ನನಗೆ ಗೊತ್ತಿರಲಿಲ್ಲ.

ಗದಗದಿಂದ ನಾಗಾವಿಗೆ ಹೋಗುವ ರಸ್ತೆಯಲ್ಲಿ ನಮ್ಮ ಕಚೇರಿ. ಎರಡು ಕೋಣೆ, ಒಂದು ಹಳೆಯ ಕಂಪ್ಯೂಟರು. ಹರ್ತಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹೊಲಗಳಲ್ಲಿ ನಾವು ಕಂಬ ನೆಟ್ಟಿದ್ದೇವೆ. ಕಂಬದ ತುದಿಯಲ್ಲಿ ತಿರುಗುವ ಬಟ್ಟಲುಗಳು. ಅವು ಗಾಳಿಯ ವೇಗವನ್ನು ಕ್ಷಣಕ್ಷಣವೂ ಅಳೆದು ಕಳಿಸುತ್ತವೆ. ಅದನ್ನೆಲ್ಲ ಕೂಡಿಸಿ, ಯಾವ ಊರಲ್ಲಿ ಯಾವ ಹೊತ್ತಿಗೆ ಗಾಳಿ ಕಡಿಮೆ ಎಂದು ಹೇಳುವುದು ನಮ್ಮ ಕೆಲಸ. ಹತ್ತಿಗೋ ಮೆಣಸಿನಕಾಯಿಗೋ ಔಷಧ ಸಿಂಪಡಿಸುವವರಿಗೆ ಅದು ಬೇಕು. ನಮ್ಮ ಕಡೆ ಅದಕ್ಕೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಗಾಳಿಯಲ್ಲಿ ಹೊಡೆದರೆ ಎಣ್ಣೆ ಬೆಳೆಗೆ ಬೀಳುವುದಿಲ್ಲ, ಹೊಡೆಯುವವರ ಮುಖಕ್ಕೆ ಬೀಳುತ್ತದೆ.

ಹರ್ತಿಯ ಕಂಬ ಹೊಸದು, ಅದರ ಮಾಹಿತಿ ಕಡಿಮೆ. ಆ ಮಾಹಿತಿಗೆ ನನ್ನ ಪ್ರೋಗ್ರಾಂ ಸರಿಯಾಗಿ ನಡೆದಿತ್ತು. ಮುಂಡರಗಿಯ ಕಂಬಗಳು ಹಳೆಯವು. ಆ ಮಾಹಿತಿ ಕೊಟ್ಟ ಕೂಡಲೇ ಗೆರೆ ಏರತೊಡಗಿತು.

ನಮ್ಮ ಕಚೇರಿ ನಡೆಸುವ ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅಪ್ಪನ ವಯಸ್ಸಿನವರು.

"ಏನವಾ, ಮತ್ತ ನಿಂತ್ತೇನು?"

"ಹೌದ್ರಿ ಸರ್."

"ಸೋಮವಾರ ಮುಂಡರಗಿ ರೈತ್ರು ಬರ್ತಾರ. ಅವರ ಮುಂದ ಹಿಂಗ ನಿಂತ್ರ ನಾ ಏನ್ ಹೇಳ್ಲಿ? ಗಾಳಿಗೆ ದಣಿವಾಗೈತಿ ಅಂತ ಹೇಳ್ಲೇನು?"

ನಾನು ನಗಲಿಲ್ಲ. ಅವರು ಬೇರೆ ದನಿಯಲ್ಲಿ ಹೇಳಿದರು: "ನಿನಗ ಬ್ಯಾಡ ಅನ್ನಾಕತ್ತಿಲ್ಲ. ಆದ್ರ ಸೋಮವಾರ ನಡೀಲಿಲ್ಲಂದ್ರ ಈ ಕೆಲಸ ಹುಬ್ಬಳ್ಳಿ ಕಂಪನಿಯವ್ರಿಗೆ ಕೊಟ್ಟಬಿಡೋಣು. ಅವ್ರು ತಯಾರ ಅದಾರ."

ಕೆಲಸ ಹುಬ್ಬಳ್ಳಿಗೆ ಹೋದರೆ ಆ ಕಚೇರಿಯಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ನನ್ನನ್ನು ತೆಗೆದುಕೊಂಡದ್ದೇ ಇದಕ್ಕಾಗಿ, ಅದೂ ತಾತ್ಕಾಲಿಕವಾಗಿ. ಧಾರವಾಡದಲ್ಲಿ ಓದು ಮುಗಿಸಿ ಬೆಟಗೇರಿಯ ಮನೆಗೆ ಮರಳಿದ ಮೇಲೆ, ನಾನು ಕಲಿತದ್ದು ನನ್ನ ಊರಿನಲ್ಲೇ ಯಾವುದಕ್ಕೋ ಬೇಕಾಗಿದೆ ಎಂದು ಅನಿಸಿದ್ದು ಈ ಕೆಲಸದಲ್ಲಿ ಮಾತ್ರ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ತೊಂದರೆ ನಾನೇ ಆರಿಸಿಕೊಂಡ ಭಾಷೆಯದು. ಅದು ಸೋಮಾರಿ ಭಾಷೆ. ಬೈಗುಳವಲ್ಲ, ಪುಸ್ತಕಗಳಲ್ಲಿಯೂ ಹಾಗೆಯೇ ಕರೆಯುತ್ತಾರೆ. ಎರಡು ಅಂಕಿ ಕೂಡಿಸು ಎಂದರೆ ಅದು ಕೂಡಿಸುವುದಿಲ್ಲ. "ಇವೆರಡನ್ನು ಕೂಡಿಸಬೇಕಿದೆ" ಎಂದು ಒಂದು ಚೀಟಿ ಮಾಡಿ ಇಟ್ಟುಕೊಳ್ಳುತ್ತದೆ. ಯಾರಾದರೂ ಉತ್ತರ ಕೇಳಿದಾಗ ಮಾತ್ರ ಚೀಟಿ ಬಿಡಿಸಿ ಕೂಡಿಸುತ್ತದೆ. ಯಾರೂ ಕೇಳದಿದ್ದರೆ ಆ ಕೆಲಸವನ್ನು ಮಾಡುವುದೇ ಇಲ್ಲ. ಕಲಿಯುವಾಗ ಇದು ನನಗೆ ಬಹಳ ಹಿಡಿಸಿತ್ತು. ಕೇಳದ ಹೊರತು ಉತ್ತರ ಕೊಡದಿರುವುದು ನನ್ನ ಸ್ವಭಾವಕ್ಕೂ ಹತ್ತಿರ.

ಕಸ ಗುಡಿಸುವ ಕೆಲಸವನ್ನೂ ಭಾಷೆಯೇ ನೋಡಿಕೊಳ್ಳುತ್ತದೆ. ಆಗಾಗ ಮೆಮೊರಿಯನ್ನೆಲ್ಲ ಸುತ್ತಿ ಬಂದು, ಯಾರ ಕೈಗೂ ಸಿಗದ ವಸ್ತುಗಳನ್ನು ಎಸೆದುಬಿಡುತ್ತದೆ. ಅದಕ್ಕೆ ಒಂದೇ ನಿಯಮ. ಯಾರಾದರೂ ಇನ್ನೂ ಹಿಡಿದುಕೊಂಡಿರುವ ವಸ್ತುವನ್ನು ಮುಟ್ಟಬಾರದು. ಹಿಡಿದವರಿಗೆ ಅದು ಬೇಕೋ ಬೇಡವೋ ಎಂದು ಅದು ವಿಚಾರಿಸುವುದಿಲ್ಲ. ಹಿಡಿದಿದ್ದಾರೆಯೇ ಎಂದಷ್ಟೇ ನೋಡುತ್ತದೆ.

ಹಾಗಾದರೆ ಮುಂಡರಗಿಯ ಗಾಳಿಯನ್ನು ಹಿಡಿದುಕೊಂಡವರು ಯಾರು?

ಶನಿವಾರ ಮುಂಜಾನೆಯೆಲ್ಲ ಹುಡುಕಿ ಒಂದು ಉತ್ತರ ಕಂಡುಕೊಂಡೆ. ಸರಾಸರಿಗೆ ಮೊತ್ತ ಬೇಕು, ಎಣಿಕೆ ಬೇಕು. ನನ್ನ ಪ್ರೋಗ್ರಾಂ ಮೊತ್ತಕ್ಕಾಗಿ ಮಾಹಿತಿಯ ಸಾಲಿನ ಮೇಲೆ ಒಮ್ಮೆ ನಡೆದು ಹೋಗುತ್ತಿತ್ತು, ಎಣಿಕೆಗಾಗಿ ಅದೇ ಸಾಲಿನ ಮೇಲೆ ಇನ್ನೊಮ್ಮೆ. ಮೊದಲ ನಡಿಗೆ ಮುಂದೆ ಹೋದಂತೆ ಹಿಂದಿನದನ್ನು ಗುಡಿಸಬಹುದಿತ್ತು. ಆದರೆ ಎಣಿಕೆ ಎಂಬವಳು ಇನ್ನೂ ಬಾಗಿಲಲ್ಲೇ ಸಾಲಿನ ತುದಿ ಹಿಡಿದು ನಿಂತಿದ್ದಾಳೆ. ಅವಳ ಸರದಿ ಬರುವ ತನಕ ಒಂದನ್ನೂ ಬಿಡುವ ಹಾಗಿಲ್ಲ. ಸಾಲೆಲ್ಲ ಮೆಮೊರಿಯಲ್ಲೇ ಉಳಿಯುತ್ತದೆ.

ಇದು ತಿಳಿದಾಗ ಎಷ್ಟು ಸಮಾಧಾನವಾಯಿತೆಂದರೆ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮೊತ್ತ, ಎಣಿಕೆ ಎರಡನ್ನೂ ಒಂದು ಜೋಡಿಯಾಗಿ ಕಟ್ಟಿದೆ. ಒಂದೇ ನಡಿಗೆಯಲ್ಲಿ ಎರಡನ್ನೂ ಒಯ್ಯುವ ಹಾಗೆ ಬರೆದೆ. ಚೀಟಿ ಮಾಡಿ ಇಡಬೇಡ, ಹೆಜ್ಜೆ ಹೆಜ್ಜೆಗೂ ಈಗಲೇ ಮಾಡು ಎಂದೂ ಹೇಳಿದೆ. ಹಾಗೆ ಹೇಳಲು ಆ ಭಾಷೆಯಲ್ಲಿ ಒಂದು ಮಾರ್ಗವಿದೆ.

ನಡೆಸಿದೆ. ಗೆರೆ ಏರಿತು.

ಮತ್ತೆ ನಡೆಸಿದೆ. ಮತ್ತೆ ಏರಿತು.

ಯಾರೂ ಹಿಡಿದಿಲ್ಲ, ತಡಮಾಡಲು ಬಿಟ್ಟಿಲ್ಲ, ಆದರೂ ಏನೋ ಸೇರುತ್ತಿದೆ. ತಪ್ಪಿನಲ್ಲಿ ಸಿಕ್ಕಿಕೊಂಡಿದ್ದಾಗ ನನಗೆ ಇಷ್ಟು ಗೊಂದಲವಾಗಿರಲಿಲ್ಲ. ತಪ್ಪು ತಿಳಿದು ತಿದ್ದಿದ ಮೇಲೆಯೂ ಅದೇ ಗೆರೆ ಕಂಡಾಗ, ಮೊದಲು ತಿಳಿದದ್ದೂ ಸರಿಯಿತ್ತೋ ಇಲ್ಲವೋ ಎಂದು ಅನುಮಾನ ಬಂತು. ಪರದೆಯನ್ನು ನೋಡುತ್ತ ಕುಳಿತೆ. ಸರ್ ಒಮ್ಮೆ ಬಾಗಿಲಿಗೆ ಬಂದು, ನನ್ನ ಮುಖ ನೋಡಿ, ಕೇಳದೆ ಹೋದರು.

ಭಾನುವಾರ ಲಕ್ಷ್ಮೇಶ್ವರದಿಂದ ಚಿಗವ್ವ ಬಂದಳು, ಅವ್ವನ ತಂಗಿ. ಮಳೆ ನಿಂತು ಬಿಸಿಲು ಗಟ್ಟಿಯಾದ ಮೇಲೆ ವರ್ಷಕ್ಕೊಮ್ಮೆ ಹೀಗೆ ಬರುತ್ತಾಳೆ. ಅವ್ವನ ದೊಡ್ಡ ಟ್ರಂಕಿನೊಳಗಿನ ಕೌದಿಯ ಗಂಟುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುವುದು ಅವರಿಬ್ಬರ ಕೆಲಸ. ಮನೆಯ ಹಳೆಯ ಸೀರೆ, ಧೋತರ, ಅಂಗಿಗಳನ್ನು ಹೊದೆಯುವ ಕೌದಿ ಹೊಲಿಯಲೆಂದು ಗಂಟು ಕಟ್ಟಿ ಇಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟುಪಾಡಿದೆ. ಕೌದಿಯ ಗಂಟನ್ನು ಬಿಚ್ಚಿದರೆ ಅಂದೇ ಸೂಜಿ ಹಿಡಿಯಬೇಕು. ಬಿಚ್ಚಿ ಮತ್ತೆ ಕಟ್ಟಬಾರದು. ಹಾಗಾಗಿ ಗಂಟುಗಳನ್ನು ಯಾರೂ ಬಿಚ್ಚುವುದಿಲ್ಲ. ಹಳೆಯ ಬಟ್ಟೆ ಉಳಿದರೆ ಹೊಸ ಗಂಟು ಕಟ್ಟುತ್ತಾರೆ.

ನಾನು ತಲೆ ನೋವೆಂದು ಕೋಣೆಯಲ್ಲೇ ಇದ್ದೆ. ಚಿಗವ್ವ ಬಿಡಲಿಲ್ಲ.

"ಓದಿದಾಕಿ, ಬಾರ ಇಲ್ಲೆ. ಗಂಟ ಎತ್ತಾಕ ಡಿಗ್ರಿ ಬೇಕಾಗಿಲ್ಲ."

ಮಾಳಿಗೆಯ ಮೇಲೆ ಒಂದೊಂದಾಗಿ ಹೊತ್ತು ತಂದು ಇಟ್ಟೆ. ಅವ್ವ ಪ್ರತಿ ಗಂಟಿನ ಮೇಲೂ ಕೈ ಆಡಿಸಿ, ಕಟ್ಟನ್ನು ಹಿಡಿದು ಜಗ್ಗಿ ನೋಡಿ, "ಇದು ಆತು," ಎಂದು ಮುಂದಿನದಕ್ಕೆ ಹೋಗುತ್ತಿದ್ದಳು.

ಚಿಗವ್ವ ಒಂದು ನೀಲಿ ಗಂಟನ್ನು ಎತ್ತಿ ಹಿಡಿದಳು. "ಇದ್ರಾಗ ಏನೈತಿ ಅಕ್ಕಾ?"

"ನಮ್ಮವ್ವನ ಸೀರಿ ಇರಬೇಕು. ನಿನಗ ಬೇಕಂತ ಇಟ್ಟೀನಿ."

"ನನಗ? ನಾ ಯಾವಾಗ ಕೇಳೀನಿ? ನಿನಗ ಬೇಕಂತ ನಾ ಸುಮ್ನಿದ್ದೆ."

"ನನಗ್ಯಾಕ? ನನ್ನ ಮೈಮ್ಯಾಲೆ ಎಷ್ಟ ಕೌದಿ ಹೊಚ್ಚಕೊಳ್ಳಲಿ?"

"ಹಂಗಾರ ಇಷ್ಟ ವರ್ಷ ಯಾರ ಸಲುವಾಗಿ ಬಿಸಿಲಿಗೆ ಹಾಕಾಕತ್ತೀವಿ?"

ಇಬ್ಬರೂ ನಕ್ಕರು. ಚಿಗವ್ವನಿಗೆ ನಗು ತಡೆಯದೆ ಗಂಟಿನ ಮೇಲೆಯೇ ಕುಳಿತಳು. ಆಮೇಲೆ ಅವ್ವ ಅದನ್ನು ಅವಳ ಕೆಳಗಿನಿಂದ ಎಳೆದುಕೊಂಡು, ಧೂಳು ಕೊಡವಿ, ಕಟ್ಟು ಜಗ್ಗಿ ನೋಡಿ, ಉಳಿದವುಗಳ ಸಾಲಿನಲ್ಲಿ ಇಟ್ಟಳು.

ನಾನು ಕೇಳಿದೆ: "ಅವ್ವಾ, ಎಲ್ಲಾ ಗಂಟೂ ನೋಡಿದಿ?"

"ನೋಡ್ದೆಲ್ಲ."

"ಏನ್ ನೋಡಿದಿ?"

"ಗಂಟ ಐತಿಲ್ಲೋ, ಕಟ್ಟ ಗಟ್ಟಿ ಐತಿಲ್ಲೋ ಅಂತ. ಮತ್ತೇನ್ ನೋಡ್ತಾರ?"

"ಒಳಗ?"

"ಒಳಗ ನೋಡಬೇಕಂದ್ರ ಬಿಚ್ಚಬೇಕು. ಬಿಚ್ಚಿದ್ರ ಹೊಲೀಬೇಕು. ನೀ ಹೊಲೀತಿಯೇನು?"

ಚಿಗವ್ವ ಹೇಳಿದಳು: "ಆಕಿ ಕಂಪ್ಯೂಟರನ್ಯಾಗ ಹೊಲೀತಾಳ ತಗೋ."

ಅಷ್ಟೇ ನಡೆದದ್ದು. ಆಗ ನನಗೆ ಏನೂ ಹೊಳೆಯಲಿಲ್ಲ. ಬದಲಿಗೆ ಇನ್ನಷ್ಟು ಗೊಂದಲವಾಯಿತು. ಆ ನೀಲಿ ಗಂಟು ಇಬ್ಬರಿಗೂ ಬೇಡ, ಆದರೂ ಇಬ್ಬರೂ ಹಿಡಿದಿದ್ದಾರೆ, ಹಾಗಾಗಿ ಅದು ಹೋಗುವುದಿಲ್ಲ. ಇದನ್ನು ನಾನು ಶನಿವಾರವೇ ತಿದ್ದಿದ್ದೆ. ಮೊತ್ತ ಮತ್ತು ಎಣಿಕೆ ಇಬ್ಬರೂ ಹಿಡಿದಿದ್ದ ಸಾಲನ್ನು ಬಿಡಿಸಿದ್ದೆ. ಹಾಗಾದರೆ ಇನ್ನೇನು ಉಳಿಯಿತು? ಮನೆಯ ಟ್ರಂಕನ್ನೂ ಕಚೇರಿಯ ಕಂಪ್ಯೂಟರನ್ನೂ ಒಂದಕ್ಕೊಂದು ಹೋಲಿಸುವುದು ದಣಿದ ತಲೆಯ ಲಕ್ಷಣ ಎಂದುಕೊಂಡು ಗಂಟುಗಳನ್ನು ಹೊರಳಿಸಿ ಹಾಕಿದೆ. ಸಂಜೆ ಎಲ್ಲವನ್ನೂ ಕೆಳಗೆ ತಂದು ಟ್ರಂಕಿಗೆ ಇಟ್ಟೆವು. ಈ ವರ್ಷದ ಹಳೆಯ ಬಟ್ಟೆಗಳದೊಂದು ಹೊಸ ಗಂಟೂ ಸೇರಿತು. ಟ್ರಂಕಿನ ಮುಚ್ಚಳ ಹಾಕಲು ಚಿಗವ್ವ ಮೇಲೆ ಕುಳಿತುಕೊಳ್ಳಬೇಕಾಯಿತು.

ಸೋಮವಾರ ಕಚೇರಿಗೆ ಬೇಗ ಹೋದೆ. ಬಸ್ಸಿನ ಕಿಟಕಿಯ ಹತ್ತಿರ ನಿಂತಿದ್ದಾಗಲೂ ಅದೇ ಒಂದು ಸಾಲು ತಲೆಯಲ್ಲಿ ತಿರುಗುತ್ತಿತ್ತು. ಈಗಲೇ ಮಾಡು ಎಂದು ನಾನು ಹೇಳಿದ್ದೆ. ಅದು ಮಾಡಿತು. ಏನನ್ನು ಮಾಡಿತು?

ಕಚೇರಿಯಲ್ಲಿ ಕುಳಿತು, ಆ ಪ್ರಶ್ನೆ ಇಟ್ಟುಕೊಂಡು ನಾನು ಬರೆದದ್ದನ್ನು ಮೆಲ್ಲಗೆ ಓದಿದೆ. ನಾನು ಈಗಲೇ ಬೇಕು ಎಂದದ್ದು ಜೋಡಿಯನ್ನು. ಅದು ಪ್ರತಿ ಹೆಜ್ಜೆಗೂ ಜೋಡಿ ಇದೆಯೇ ಎಂದು ನೋಡಿತು. ಇತ್ತು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಜೋಡಿಯ ಒಳಗೆ ಮೊತ್ತವೂ ಎಣಿಕೆಯೂ ಚೀಟಿಗಳಾಗಿಯೇ ಉಳಿದಿದ್ದವು. ಪ್ರತಿ ಚೀಟಿ ತನ್ನ ಹಿಂದಿನ ಚೀಟಿಯನ್ನು ಹಿಡಿದುಕೊಂಡಿತ್ತು, ಆ ಚೀಟಿ ಅದರ ಹಿಂದಿನದನ್ನು. ಗುಡಿಸಲು ಬಂದಾಗ ಒಂದನ್ನೂ ಎಸೆಯುವ ಹಾಗಿರಲಿಲ್ಲ. ಎಲ್ಲವೂ ಯಾರೋ ಒಬ್ಬರ ಕೈಯಲ್ಲಿತ್ತು.

ಕಟ್ಟನ್ನು ಹಿಡಿದು ಜಗ್ಗಿ ನೋಡಿದ ಅವ್ವನ ಕೈ ನೆನಪಾಯಿತು. ಸುಮ್ಮನೆ ಇರಲಿ ಎಂದು ಅದನ್ನು ಬದಿಗೆ ಸರಿಸಿದೆ. ಸರಿಯಲಿಲ್ಲ.

ಮೊತ್ತದ ಮುಂದೆ ಒಂದು, ಎಣಿಕೆಯ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದೆ. ಜೋಡಿಯ ಒಳಗಿನ ಇವುಗಳನ್ನೂ ಈಗಲೇ ಮಾಡು ಎಂದು ಹೇಳುವ ರೀತಿ ಅದು. ನಡೆಸಿದೆ.

ಗೆರೆ ಸ್ವಲ್ಪ ಏರಿತು. ಇಳಿಯಿತು. ಏರಿತು, ಇಳಿಯಿತು. ಪರದೆಯ ತಳದಲ್ಲೇ ಸಣ್ಣ ಹಲ್ಲುಗಳಾಗಿ ಕೊನೆಯ ತನಕ ಹೋಯಿತು.

ನನಗೆ ಸಂತೋಷವಾಗಲಿಲ್ಲ, ಅನುಮಾನವಾಯಿತು. ಒಂದು ಚಿಹ್ನೆ ತೆಗೆದು ನೋಡಿದೆ: ಏರಿತು. ಮತ್ತೆ ಹಾಕಿದೆ: ತಳಕ್ಕೆ ಬಂತು. ಶನಿವಾರದ ತಿದ್ದುಪಡಿಯನ್ನು ತೆಗೆದು, ಮತ್ತೆ ಎರಡು ಸಲ ನಡೆಯುವ ಹಾಗೆ ಮಾಡಿ ನೋಡಿದೆ: ಏರಿತು. ಹಾಗಾದರೆ ಎರಡು ತಪ್ಪುಗಳಿದ್ದವು, ಎರಡೂ ಒಂದೇ ಗೆರೆ ಎಳೆದಿದ್ದವು. ಒಂದನ್ನು ತಿದ್ದಿದಾಗ ಇನ್ನೊಂದು ಅದರ ಜಾಗದಲ್ಲಿ ನಿಂತು, ಏನೂ ಬದಲಾಗಿಲ್ಲ ಎಂದು ನನ್ನನ್ನು ನಂಬಿಸಿತ್ತು. ಇಷ್ಟು ಗೊತ್ತಾಯಿತು. ಆದರೂ ಮೂರನೆಯದು ಎಲ್ಲೋ ಇರಬಹುದು ಎಂಬ ಅಳುಕು ಹೋಗಲಿಲ್ಲ.

ಮುಂಡರಗಿಯವರು ಬಂದರು. ಮುಂಜಾನೆಯ ಗಾಳಿ ಯಾವಾಗ ಏಳುತ್ತದೆ, ಊರಿಂದ ಊರಿಗೆ ಎಷ್ಟು ಬೇರೆ ಎಂಬುದನ್ನು ಪರದೆಯ ಮೇಲೆ ತೋರಿಸಿದೆ. ಅವರಲ್ಲಿ ಒಬ್ಬ ಹಿರಿಯರು ಮುಂದೆ ಬಾಗಿ ಕೇಳಿದರು: "ನಮ್ಮೂರಾಗ ಗುಡ್ಡದ ಕಡೆ ಹೊಲಕ್ಕೂ ಕೆರಿ ಕಡೆ ಹೊಲಕ್ಕೂ ಒಂದ ಹೊತ್ತೇನವಾ?"

"ಇಲ್ರಿ ಅಜ್ಜಾರ. ಗುಡ್ಡದ ಕಡೆ ಗಾಳಿ ಜಲ್ದಿ ಏಳ್ತೈತ್ರಿ. ಅಲ್ಲೆ ಮೊದ್ಲ ಹೊಡೀರಿ, ಆಮೇಲೆ ಕೆರಿ ಕಡೆ ಬರ್ರಿ."

ಅವರು ತಮ್ಮ ಪಕ್ಕದವರ ಕಡೆ ತಿರುಗಿದರು. "ನಾವು ಉಲ್ಟಾ ಮಾಡ್ತಿದ್ವಿ ನೋಡ. ನನ್ನ ಮಗಾ ಎಣ್ಣಿ ಹೊಡದ ಬಂದ್ರ ದಿನಾ ಕಣ್ಣ ಕೆಂಪ."

ಅವರೆಲ್ಲ ಹೋದ ಮೇಲೆ ಸರ್ ಕುರ್ಚಿ ಎಳೆದುಕೊಂಡು ಕುಳಿತರು.

"ಛಲೋ ಆತು. ಈಗ ಹೇಳು, ಏನ್ ಮಾಡಿದಿ?"

"ಎರಡು ಚಿಹ್ನೆ ಹಾಕಿದೆ ಸರ್."

"ಎರಡ ಚಿಹ್ನೆ?"

"ಶನಿವಾರ ಇನ್ನೊಂದು ತಿದ್ದಿದ್ದೆ. ಅದೂ ಬೇಕು. ಈಗಲೇ ಮಾಡು ಅಂತ ಹೇಳಿದ್ದೆ, ಆದ್ರ..."

"ಹೇಳಿದ್ದಿ. ಮತ್ತ ಅದು ಮಾಡ್ಲಿಲ್ಲ?"

"ಮಾಡ್ತು ಸರ್."

"ಮಾಡ್ತು. ಮತ್ತ ಯಾಕ ತುಂಬಿತು?"

ನಾನು ಬಾಯಿ ತೆರೆದೆ. ಜೋಡಿ, ಚೀಟಿ, ಒಳಗೆ, ಹೊರಗೆ ಎಂದು ಏನೇನೋ ಹೇಳಿದೆ. ಅವರ ಮುಖದಲ್ಲಿ ಶನಿವಾರದ ನನ್ನ ಮುಖ ಕಂಡಿತು. ಹೇಳುತ್ತ ಹೋದಂತೆ ನನಗೂ ಅದು ಜಾರತೊಡಗಿತು.

ಸರ್ ಕೈ ಎತ್ತಿದರು. "ನಿಲ್ಲು. ಸಿಟ್ಟಿಗೇಳಬ್ಯಾಡ. ನಾಳೆ ನಿನಗ ಜ್ವರ ಬಂತು ಅನ್ಕೋ, ಇದು ನಿಂತ್ತು ಅನ್ಕೋ. ಯಾಕ ನಿಂತ್ತು ಅಂತ ಇನ್ನೊಬ್ರಿಗೆ ತಿಳೀಲಿಲ್ಲಂದ್ರ ಇದನ್ನ ಹೆಂಗ ಇಟ್ಕೊಳ್ಳೋದು? ಹುಬ್ಬಳ್ಳಿಯವ್ರಿಗೆ ನಾಳೆ ಮುಂಜಾನಿ ಫೋನ್ ಮಾಡಬೇಕು. ಅದಕ್ಕಿಂತ ಮೊದ್ಲ ನನಗ ತಿಳಿಯೋಹಂಗ ಹೇಳು. ತಿಳೀತಂದ್ರ ನಿಂದ ಇರಲಿ, ನೀನೂ ಇರು."

ಸಂಜೆ ಮನೆಯಲ್ಲಿ ಕಾಗದದ ಮೇಲೆ ಚೌಕ ಬರೆದೆ, ಬಾಣ ಬರೆದೆ. ಚೌಕದೊಳಗೆ ಚೌಕ. ನೋಡಿದರೆ ನನಗೇ ಅರ್ಥವಾಗದ ಹಾಗಿತ್ತು. ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಆ ನೀಲಿ ಗಂಟ ನನಗ ಕೊಡು. ನಾಳೆ ಆಫೀಸಿಗೆ ಒಯ್ಯಬೇಕು."

ಅವಳ ಕೈ ನಿಂತಿತು. "ಆಫೀಸಿಗೆ? ಕೌದಿ ಗಂಟ?"

"ಹೂಂ."

"ಅಲ್ಲೆ ಬಿಚ್ಚತಿ?"

"ಬಿಚ್ಚತೀನಿ."

ಯಾಕೆ ಎಂದು ಅವಳು ಕೇಳುತ್ತಾಳೆ, ನನ್ನ ಕೆಲಸದ ಮಾತನ್ನೆಲ್ಲ ಹೇಳಬೇಕಾಗುತ್ತದೆ ಎಂದು ಕಾಯುತ್ತ ನಿಂತೆ. ಅವಳು ಮತ್ತೊಂದು ಉಂಡೆ ತೆಗೆದುಕೊಂಡು ಬಡಿಯಲು ಶುರುಮಾಡಿದಳು. ರೊಟ್ಟಿ ಹಂಚಿಗೆ ಹಾಕಿ ಹೇಳಿದಳು: "ಬಿಚ್ಚಿದ ಮ್ಯಾಲೆ ಮತ್ತ ಕಟ್ಟೂಹಂಗಿಲ್ಲ. ಗೊತ್ತೈತಿಲ್ಲ?"

"ಗೊತ್ತೈತಿ."

"ಗ್ವಾಡಿ ಮಾಡದಾಗ ಸೂಜಿ ಡಬ್ಬಿ ಐತಿ. ದಪ್ಪ ದಾರದ್ದು ತಗೋ."

ಮರುದಿನ ಮುಂಜಾನೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪಕ್ಕದ ಹೆಂಗಸು ಅದನ್ನೂ ನನ್ನನ್ನೂ ನೋಡಿ, "ತವರಮನಿಗೇನ್ರಿ?" ಎಂದಳು. ಅಲ್ಲ ಎಂದೆ. ಕಚೇರಿಯಲ್ಲಿ ಸರ್ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಗಂಟನ್ನು ಅವರ ಮುಂದೆ ಇಟ್ಟೆ.

"ಇದು ಏನ್ರಿ ಸರ್?"

"ಗಂಟು."

"ಸರಿ. ನನ್ನ ಪ್ರೋಗ್ರಾಮೂ ಇಷ್ಟ ಹೇಳಿ ನಿಲ್ಲತಿತ್ತು. ಏನೈತಿ ಅಂತ ನಾ ಪ್ರತಿ ಸಲಾ ಕೇಳಿದೆ, ಗಂಟ ಐತಿ ಅಂತು. ಸುಳ್ಳ ಹೇಳಲಿಲ್ಲ. ಒಳಗ ಏನೈತಿ ಅಂತ ನಾ ಕೇಳಿರಲಿಲ್ಲ."

ಅವರು ಗಂಟನ್ನು ನೋಡಿದರು, ನನ್ನನ್ನು ನೋಡಿದರು. "ಮತ್ತ ಆ ಎರಡ ಚಿಹ್ನೆ?"

ಕಟ್ಟು ಗಟ್ಟಿಯಾಗಿತ್ತು. ಉಗುರಿನಿಂದ ಬಿಡಿಸಿ, ನಾಲ್ಕೂ ಮೂಲೆಗಳನ್ನು ಮೇಜಿನ ಮೇಲೆ ಹರಡಿದೆ. ಮೇಲೆ ಅಜ್ಜಿಯ ಸೀರೆ ಇರಲಿಲ್ಲ. ಇದ್ದದ್ದು ನನ್ನದೇ ಶಾಲೆಯ ಲಂಗ, ಅಂಚು ಇಳಿಬಿಟ್ಟು ಉದ್ದ ಮಾಡಿದ್ದು, ಹಳೆಯ ಮಡಿಕೆಯ ಗೆರೆ ಇನ್ನೂ ಕಾಣುತ್ತಿತ್ತು. ಅದರ ಕೆಳಗೆ ಅಪ್ಪನ ಒಂದು ಅಂಗಿ. ಇನ್ನೂ ಕೆಳಗೆ, ಮುಟ್ಟಿದರೆ ಪುಡಿಯಾಗುವ ಒಂದು ಬಟ್ಟೆ, ಯಾರದೋ. ನಾಚಿಕೆಯಾಗಿ ಮುಚ್ಚಿಬಿಡಬೇಕೆನಿಸಿತು, ಮುಚ್ಚುವ ಹಾಗಿರಲಿಲ್ಲ.

"ಇದು, ಸರ್," ಎಂದೆ.

ಅವರು ಲಂಗದ ಅಂಚು ಎತ್ತಿ ಕೆಳಗಿನ ಬಟ್ಟೆಗಳನ್ನು ನೋಡಿದರು. "ಅಂದ್ರ ಹೊರಗ ಒಂದ ಗಂಟ ಕಾಣತೈತಿ. ಒಳಗ ಎಲ್ಲಾ ಹಂಗ ಕೂಡಿಬಿದ್ದೈತಿ. ಯಾರೂ ಬಿಚ್ಚವಲ್ರು, ಅದಕ್ಕ ಯಾವದೂ ಹೋಗವಲ್ದು."

"ಹೌದ್ರಿ."

"ಪೂರ್ತಿ ತಿಳೀತು ಅನ್ನೂದಿಲ್ಲವಾ," ಎಂದರು. ಆದರೆ ಫೋನನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ನನಗೂ ಪೂರ್ತಿ ತಿಳಿದಿರಲಿಲ್ಲ. ಗಂಟನ್ನು ನನ್ನ ಮೇಜಿಗೆ ಎತ್ತಿಕೊಂಡು ಬಂದೆ. ಲಕ್ಷ್ಮೇಶ್ವರದ ಮಾಹಿತಿ ಕೊಟ್ಟು ಪ್ರೋಗ್ರಾಂ ನಡೆಸಲು ಬಿಟ್ಟೆ. ಅದು ನಡೆಯುವಾಗ ಚೀಲದಿಂದ ಸೂಜಿ ತೆಗೆದು, ದಪ್ಪ ದಾರ ಪೋಣಿಸಿ, ಲಂಗದ ಅಂಚನ್ನು ಅಂಗಿಯ ಅಂಚಿಗೆ ಇಟ್ಟು ಮೊದಲ ಹೊಲಿಗೆ ಹಾಕಿದೆ.